ಪಿಳ್ಳಣ್ಣನ ಎಡಗಾಲಿನ ಎಕ್ಕಡ

ನನ್ನ ಅವ್ವನ ಬಾಯಲ್ಲಿ ನನಗೆಂದೇ ಮೀಸಲಾಗಿದ್ದ ಗಾದೆ ಒಂದಿತ್ತು: ಆತುರಗಾರನಿಗೆ ಬುದ್ಧಿ ಮಟ್ಟ. ಉಣ್ಣುವಾಗ, ಓದುವಾಗ, ಬಸ್ಸು ಹತ್ತುವಾಗ, ಎಲ್ಲದಕ್ಕೂ ಅದೇ ಗಾದೆ. ನಾನು ನಗುತ್ತಿದ್ದೆ. ನನ್ನ ಬುದ್ಧಿ ಮಟ್ಟವಲ್ಲ, ಬಲು ಚುರುಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈಗಲೂ ಚುರುಕಾಗಿಯೇ ಇದೆ. ಒಂದು ಹೆಣ ಬಿದ್ದ ಮೇಲೆ ಅರ್ಧ ನಿಮಿಷದಲ್ಲಿ ನನ್ನನ್ನು ನಾನು ಕಾಪಾಡಿಕೊಳ್ಳುವಷ್ಟು ಚುರುಕು.

ನಾನು ಭೀಮರಾಜ್. ದೊಡ್ಡಬಳ್ಳಾಪುರದಿಂದ ತೂಬಗೆರೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಕಾರೆಪಾಳ್ಯ ಎಂಬ ಊರು ಸಿಗುತ್ತದೆ. ಅಲ್ಲಿನ ಕರೆಂಟ್ ಸ್ಟೇಷನ್ನಿನಲ್ಲಿ ಆಪರೇಟರಾಗಿದ್ದೆ. ಉಮಾಶಂಕರ್ ಇನ್ನೊಬ್ಬ ಆಪರೇಟರ್. ಪಿಳ್ಳಣ್ಣ ಲೈನ್‌ಮನ್. ಮೂವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಕಟ್ಟಿನ ಬೀಡಿ ಸೇದಿದವರು, ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸಿದವರು.

ನಮ್ಮ ಕೆಲಸವನ್ನು ಹೊರಗಿನವರಿಗೆ ಎರಡು ಮಾತಿನಲ್ಲಿ ಹೇಳಬಹುದು. ಸ್ಟೇಷನ್ನಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಮೂರು ಕಬ್ಬಿಣದ ಪ್ಯಾನೆಲ್‌ಗಳು. ಒಂದು ಪೇಟೆ ಲೈನಿಗೆ, ಒಂದು ಕೆರೆ ಲೈನಿಗೆ, ಒಂದು ಬೆಟ್ಟದ ಲೈನಿಗೆ. ಪ್ರತಿ ಪ್ಯಾನೆಲ್ಲಿಗೂ ಎದೆಮಟ್ಟದಲ್ಲಿ ಒಂದು ಕಪ್ಪು ಹ್ಯಾಂಡಲ್. ಕೆಳಗೆ ಎಳೆದರೆ ಲೈನು ಸತ್ತಿತು, ಮೇಲೆ ಎತ್ತಿದರೆ ಜೀವ ಬಂತು. ಲೈನ್‌ಮನ್ ಕಂಬ ಹತ್ತುವ ಮೊದಲು ನಮ್ಮಿಂದ ಎಲ್‌ಸಿ ತೆಗೆದುಕೊಳ್ಳಬೇಕು. ಅಂದರೆ ನಾವು ಹ್ಯಾಂಡಲ್ ಎಳೆದು, ಪುಸ್ತಕದಲ್ಲಿ ಬರೆದು, ಲೈನು ಸತ್ತಿದೆ ಎಂದು ಅವನಿಗೆ ಮಾತು ಕೊಡಬೇಕು. ಅವನೇ ಬಂದು ಕೆಲಸ ಮುಗಿಯಿತು ಎಂದು ಸಹಿ ಹಾಕುವ ತನಕ ಆ ಹ್ಯಾಂಡಲ್ ಮುಟ್ಟುವಂತಿಲ್ಲ. ಕಂಬದ ಮೇಲಿರುವವನ ಜೀವ ಕುರ್ಚಿಯಲ್ಲಿ ಕೂತವನ ಕೈಯಲ್ಲಿರುತ್ತದೆ.

ಎಂಬತ್ತೆಂಟರಲ್ಲಿ ಉಮಾಶಂಕರನ ಬಲಗಣ್ಣು ಇದ್ದಕ್ಕಿದ್ದಂತೆ ಮಂಜಾಯಿತು. ಮೂರು ವಾರದಲ್ಲಿ ತಾನಾಗಿಯೇ ಸರಿಹೋಯಿತು. ಆಮೇಲೆ ಎಡಗಾಲು ಜೋಮು ಹಿಡಿದು ಎಳೆಯತೊಡಗಿತು. ಬಸ್‌ಸ್ಟಾಂಡಿನಲ್ಲಿ ಎಡವಿ ಬಿದ್ದಾಗ ಊರಿನವರು, 'ಹಗಲೇ ಹಾಕ್ಕೊಂಡವ್ನೆ' ಎಂದು ನಕ್ಕರು. ಜೀವಮಾನದಲ್ಲಿ ಹೆಂಡದ ವಾಸನೆ ಕಾಣದ ಮನುಷ್ಯ ಅವನು. ಪಿಳ್ಳಣ್ಣ ಮಾತ್ರ ಎದುರಿಗೇ ತಮಾಷೆ ಮಾಡುತ್ತಿದ್ದ. "ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನಿಂದು ಒಂದಾದ್ರೂ ಕಾಣ್ಲಿಲ್ವಲ್ಲೋ ಶಂಕ್ರ," ಎಂದು ಹೇಳಿ, ಹಾಗೆಯೇ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ.

ಕಾಲು ಎಳೆದರೆ ಎಳೆಯಲಿ, ಆಪರೇಟರಿಗೆ ಕಾಲಿನ ಕೆಲಸ ಅಷ್ಟಿಲ್ಲ. ಆದರೆ ಬರುಬರುತ್ತ ಅವನ ಮಾತು ನಿಧಾನವಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿತ್ತು, ಆದರೆ ನಾವು ಮುಂದಿನ ಮಾತಿಗೆ ಹೋದ ಮೇಲೆ ಬರುತ್ತಿತ್ತು. ಎರಡು ಫೋನು ಒಟ್ಟಿಗೆ ಹೊಡೆದುಕೊಂಡರೆ ಎರಡನ್ನೂ ನೋಡುತ್ತ ಕೂತುಬಿಡುತ್ತಿದ್ದ. ನಾನು ಕಾಯುವ ಜಾತಿಯವನಲ್ಲ. ಅವನ ಅರ್ಧ ಮಾತನ್ನು ನಾನೇ ಮುಗಿಸಿಬಿಡುತ್ತಿದ್ದೆ. ಎಷ್ಟೋ ಸಲ ಅವನು ಹೇಳಹೊರಟಿದ್ದು ಅದಾಗಿರುತ್ತಿರಲಿಲ್ಲ. ಆದರೂ ತಲೆಯಾಡಿಸುತ್ತಿದ್ದ, ಪಾಪ.

ತೊಂಬತ್ತೆರಡರಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅವನ ಹೆಂಡತಿ ಶಾಮಲಾ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದಳು. ತಲೆಯನ್ನು ಒಂದು ಕೊಳವೆಯೊಳಗೆ ತೂರಿಸಿ ಫೋಟೋ ತೆಗೆದರು. ಡಾಕ್ಟರು, ನಡುವಯಸ್ಸಿನ ಹೆಂಗಸು, ಆ ಫಿಲಂ ಅನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೆದುಳಿನ ನಡುವೆ ಅಲ್ಲಲ್ಲಿ ಸುಣ್ಣದ ಹನಿ ಸಿಡಿದಂತೆ ಬಿಳಿ ಚುಕ್ಕೆಗಳು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆ ಸುಲಿದು ಹೋಗುತ್ತಿದೆ ಎಂದು ವಿವರಿಸಿದರು. ಉಮಾಶಂಕರ್ ಫಿಲಂ ಕಡೆಗೇ ನೋಡುತ್ತ, "ವೈರ್ ಇದೆ, ಇನ್ಸುಲೇಷನ್ ಹೋಗಿದೆ ಅನ್ನಿ ಮೇಡಂ," ಎಂದ. ಡಾಕ್ಟರಿಗೆ ಖುಷಿಯಾಯಿತು.

ಆಮೇಲೆ ಒಂದು ಪರೀಕ್ಷೆ ಮಾಡಿದರು. ಮೂರು ಸೆಕೆಂಡಿಗೊಂದು ಅಂಕಿ ಹೇಳುತ್ತಾರೆ. ಈಗ ಹೇಳಿದ್ದನ್ನು ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು, ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಉಮಾಶಂಕರ್ ನಾಲ್ಕನೆಯದಕ್ಕೇ ತಪ್ಪಿ, ಹಣೆಯ ಬೆವರು ಒರೆಸಿಕೊಂಡ. ಪಕ್ಕದಲ್ಲಿ ಕೂತ ನಾನು ಮನಸ್ಸಿನಲ್ಲೇ ಎಲ್ಲವನ್ನೂ ಕೂಡಿಸಿದೆ. ಒಂದೂ ತಪ್ಪಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ಇವರ ಬುದ್ಧಿ ಎಲ್ಲೂ ಹೋಗಿಲ್ಲ," ಎಂದರು ಡಾಕ್ಟರು ಶಾಮಲಾಳ ಕಡೆ ತಿರುಗಿ. "ಮೆದುಳಿನ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ನಡುವೆ ಇರೋ ದಾರಿಗಳು ಕೆಟ್ಟಿದಾವೆ. ಸುದ್ದಿ ಸುತ್ತುಬಳಸಿ ಹೋಗುತ್ತೆ. ಅದಕ್ಕೇ ತಡ. ಒಂದೊಂದೇ ಕೆಲಸ ಕೊಡಿ, ಕಾಯಿರಿ, ಸರಿಯಾಗೇ ಮಾಡ್ತಾರೆ. ನಾಲ್ಕು ಕೆಲಸ ಒಟ್ಟಿಗೆ ಕೊಟ್ರೆ ಒಂದು ಕೈಬಿಟ್ಟುಹೋಗುತ್ತೆ. ಅದು ನಮಗೂ ಹೋಗುತ್ತೆ, ಇವರಿಗೆ ಬೇಗ ಹೋಗುತ್ತೆ. ನೆನಪು ತಪ್ಪಿದ್ರೆ ಸಿಟ್ಟು ಮಾಡ್ಬೇಡಿ, ತಿದ್ದಿ ಹೇಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದು ತೀರ್ಮಾನಕ್ಕೆ ಬಂದೆವು. ಆಫೀಸಿಗೆ ತಿಳಿಸುವುದು ಬೇಡ. ತಿಳಿದರೆ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸಿ ಮನೆಗೆ ಕಳಿಸುತ್ತಾರೆ. ಮೂವತ್ತೆಂಟು ವರ್ಷದ ಗಂಡಸು ಮನೆಯ ಜಗಲಿಯ ಮೇಲೆ ಕೂತು ಏನು ಮಾಡಬೇಕು?

ಪಿಳ್ಳಣ್ಣನಿಗೂ ಹೇಳಿದೆವು. ಕಂಬ ಹತ್ತುವವನು ಅವನಲ್ಲವೇ, ಅವನಿಂದ ಮುಚ್ಚಿಡುವುದು ಮಹಾಪಾಪ. ಅವನು ಎಲ್ಲವನ್ನೂ ಕೇಳಿ, ಬೀಡಿ ಹೊಸಕಿ, "ಸರಿ ಬುಡು, ನೋಡಾನ," ಎಂದಷ್ಟೇ ಹೇಳಿದ.

ಮರುವರ್ಷ ಮುಂಗಾರಿನಲ್ಲಿ ಆ ನೋಡುವ ಗಳಿಗೆ ಬಂತು. ಪಿಳ್ಳಣ್ಣ ಕೆರೆ ಲೈನಿನ ಕಂಬದ ಮೇಲಿದ್ದ. ಎರಡೂ ಫೋನು ಒಟ್ಟಿಗೆ ಹೊಡೆದುಕೊಂಡವು. ಪೇಟೆ ಲೈನಿಗೆ ಸಪ್ಲೈ ಕೊಡು ಎಂದು ಒಂದರಲ್ಲಿ, ಲೋಡು ಎಷ್ಟಿದೆ ಹೇಳು ಎಂದು ಇನ್ನೊಂದರಲ್ಲಿ. ಉಮಾಶಂಕರ್ ಎದ್ದು ಹೋಗಿ ಕೆರೆ ಲೈನಿನ ಹ್ಯಾಂಡಲ್ಲಿಗೆ ಕೈಹಾಕಿದ. ಶಿಫ್ಟು ಬದಲಿಸಲು ಬಂದ ನಾನು ಬಾಗಿಲಿನಿಂದಲೇ ಹಾರಿ ಅವನ ಕೈ ಹಿಡಿದೆ. ಲೈನಿನಲ್ಲಿ ಕೆಲಸ ನಡೆಯುತ್ತಿದೆ ಎಂದು ಪ್ಯಾನೆಲ್ಲಿಗೆ ತೂಗುಹಾಕುವ ತಗಡಿನ ಬೋರ್ಡು ಮೂರು ಪ್ಯಾನೆಲ್ಲಿಗೆ ಒಂದೇ ಇತ್ತು, ಅದೂ ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿತ್ತು. ಪುಸ್ತಕದಲ್ಲಿ ಬರೆದಿದ್ದ ಸಾಲು ಅವನ ಕಣ್ಣಿಗೆ ಎರಡೆರಡಾಗಿ ಕಾಣುತ್ತಿತ್ತು. ಅವನು ನೆಲದ ಮೇಲೆ ಕೂತು ಮಗುವಿನಂತೆ ಅತ್ತ.

ಕಂಬ ಇಳಿದು ಬಂದ ಪಿಳ್ಳಣ್ಣನಿಗೆ ವಿಷಯ ಹೇಳಿದಾಗ ಅವನು ಬೈಯಲಿಲ್ಲ. ಎಡಗಾಲಿನ ಎಕ್ಕಡ ಬಿಚ್ಚಿದ. ಟೈರಿನ ಅಟ್ಟೆಯ ದಪ್ಪನೆಯ ಎಕ್ಕಡ, ಕಟ್ಟುಮಸ್ತಾದ್ದು. ಅದರ ಹಿಂದಿನ ಪಟ್ಟಿಗೆ ದಾರ ಕಟ್ಟಿ ಕೆರೆ ಲೈನಿನ ಹ್ಯಾಂಡಲ್ಲಿಗೆ ತೂಗುಹಾಕಿದ.

"ಶಂಕ್ರ, ಇಲ್ಕೇಳು. ಪುಸ್ತಕ ನೋಡ್ಬೇಡ, ಬೋರ್ಡ್ ನೋಡ್ಬೇಡ, ಯಾರ್ ಮಾತೂ ಕೇಳ್ಬೇಡ. ಇನ್ಮೇಲೆ ನಾನು ಕಂಬ ಹತ್ತೋಕ್ ಮುಂಚೆ ಎಡಗಾಲಿಂದು ಇಲ್ಲಿ ಕಟ್ತೀನಿ, ಬಲಗಾಲಿಂದು ಬಾಗ್ಲಲ್ಲಿ ಬುಡ್ತೀನಿ. ಹೆಂಗೂ ಕಂಬ ಹತ್ತೋದು ಬರಿಗಾಲಲ್ಲಿ. ಎಕ್ಕಡ ಇಲ್ಲಿದ್ರೆ ನಾನು ಮೇಲಿದೀನಿ. ಬಾಗ್ಲಲ್ಲಿ ಜೋಡಿ ಸೇರಿದ್ರೆ ನಾನು ಬಂದಿದೀನಿ. ಒಂದೇ ಕಾಲಿಗೆ ಮೆಟ್ಕೊಂಡು ಯಾವ ನನ್ಮಗನೂ ಮನೆಗೋಗಲ್ಲ. ತಿಳೀತಾ?"

ಉಮಾಶಂಕರ್ ಸ್ವಲ್ಪ ಹೊತ್ತು ತೆಗೆದುಕೊಂಡು, "ತಿಳೀತು," ಎಂದ.

ಒಂದೂವರೆ ವರ್ಷ ಈ ಏರ್ಪಾಡು ಗಡಿಯಾರದಂತೆ ನಡೆಯಿತು. ನೂರು ಸಲವಾದರೂ ಪಿಳ್ಳಣ್ಣ ಎಕ್ಕಡ ಕಟ್ಟಿದ್ದಾನೆ, ಬಿಚ್ಚಿದ್ದಾನೆ. ಪುಸ್ತಕದ ಸಹಿಯನ್ನು ಸಂಜೆ ಒಟ್ಟಿಗೆ ಹಾಕುವುದೇ ರೂಢಿಯಾಯಿತು. ಉಮಾಶಂಕರ್ ಯಾವ ಹ್ಯಾಂಡಲ್ ಮುಟ್ಟುವ ಮೊದಲೂ ಎರಡು ಕೆಲಸ ಮಾಡುತ್ತಿದ್ದ. ಪ್ಯಾನೆಲ್ ನೋಡುತ್ತಿದ್ದ, ಎದ್ದು ಹೋಗಿ ಬಾಗಿಲು ನೋಡುತ್ತಿದ್ದ. ಮೇಲಿನವರು ಫೋನಿನಲ್ಲಿ ಎಷ್ಟೇ ಕೂಗಾಡಲಿ, ಬಾಗಿಲು ನೋಡದೆ ಹ್ಯಾಂಡಲ್ ಎತ್ತುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಸ್ಟೇಷನ್ನಿನಲ್ಲಿ ಆಗ ಅವನಷ್ಟು ಜೋಪಾನದ ಆಪರೇಟರ್ ಇನ್ನೊಬ್ಬನಿರಲಿಲ್ಲ. ನಾನು ಪುಸ್ತಕವನ್ನೂ ಎಕ್ಕಡವನ್ನೂ ನೋಡದೆ ನೆನಪಿನ ಮೇಲೇ ಕೆಲಸ ನಡೆಸುತ್ತಿದ್ದೆ, ಚುರುಕು ನೋಡಿ.

ತೊಂಬತ್ತನಾಲ್ಕರ ಆಯುಧಪೂಜೆಯ ದಿನ. ಹಿಂದಿನ ಸಂಜೆಯ ಮಳೆಗೆ ಬೆಟ್ಟದ ಲೈನಿನಲ್ಲಿ ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿದಿಡುವ ಒಂದು ಪಿಂಗಾಣಿ ಒಡೆದಿತ್ತು. ಮಾಕಳಿದುರ್ಗದ ಬುಡದ ಹಳ್ಳಿಗಳಲ್ಲೆಲ್ಲ ಹಬ್ಬದ ದಿನ ಕತ್ತಲೆ. ಬೆಳಿಗ್ಗೆ ಒಂಬತ್ತಕ್ಕೇ ಪಿಳ್ಳಣ್ಣ ಬಂದು ಎಲ್‌ಸಿ ತೆಗೆದುಕೊಂಡ, ಎಡಗಾಲಿನದನ್ನು ಹ್ಯಾಂಡಲ್ಲಿಗೆ ಕಟ್ಟಿದ, ಬಲಗಾಲಿನದನ್ನು ಬಾಗಿಲಲ್ಲಿ ಬಿಟ್ಟ, ಬರಿಗಾಲಲ್ಲೇ ಸೈಕಲ್ ಹತ್ತಿದ. "ಪ್ರಸಾದ ಎತ್ತಿಟ್ಟಿರ್ರಪ್ಪಾ. ಭೀಮನ ಕೈಗೆ ಕೊಟ್ರೆ ಎಲ್ಲಾ ನುಂಗಿಬುಡ್ತಾನೆ," ಎಂದು ಕೂಗಿ ಹೋದ. ಅವನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಡ್ಯೂಟಿ ಉಮಾಶಂಕರನದು. ಪೂಜೆಯ ಯಜಮಾನಿಕೆ ನನ್ನದು. ಹನ್ನೊಂದಕ್ಕೆ ನಮ್ಮ ಸೆಕ್ಷನ್ ಆಫೀಸರು ಜೀಪಿನಲ್ಲಿ ಬರುವವರಿದ್ದರು. ನಾನು ಪ್ಯಾನೆಲ್‌ಗಳನ್ನು ಒರೆಸಿ ವಿಭೂತಿ ಬಳಿದೆ, ಕುಂಕುಮ ಇಟ್ಟೆ. ದೇವರ ಪಟದ ಮುಂದೆ ಕಟಿಂಗ್ ಪ್ಲೇಯರ್, ಸ್ಪಾನರ್, ಎಲ್‌ಸಿ ಪುಸ್ತಕ ಎಲ್ಲವನ್ನೂ ಜೋಡಿಸಿ ಮೇಲೆ ಹೂ ಹಾಕಿದೆ. ಪೂಜೆಗಿಟ್ಟ ಪುಸ್ತಕವನ್ನು ಮರುದಿನದ ತನಕ ಯಾರೂ ಎತ್ತುವುದಿಲ್ಲ. ಆಮೇಲೆ ಸೇವಂತಿಗೆ ಹಾರಗಳನ್ನು ಒಂದೊಂದು ಹ್ಯಾಂಡಲ್ಲಿಗೆ ಹಾಕುತ್ತ ಬಂದೆ. ಮೂರನೆಯದಕ್ಕೆ ಬಂದಾಗ ಎಕ್ಕಡ.

ನೀವೇ ಹೇಳಿ. ವಿಭೂತಿ ಕುಂಕುಮ ಇಟ್ಟು, ಇನ್ನೇನು ಮಂಗಳಾರತಿ ಎತ್ತುವ ಜಾಗದಲ್ಲಿ, ಕಂಬದ ಕೆಳಗಿನ ಕೆಸರು ಮೆತ್ತಿದ ಟೈರಿನ ಎಕ್ಕಡ ತೂಗುತ್ತಿದೆ. ಅದಕ್ಕೆ ಹೂ ಹಾಕುವುದೇ? ಜೀಪಿನ ಸದ್ದು ಗೇಟಿನ ಹತ್ತಿರ ಕೇಳಿಸಿತು. ದಾರ ಬಿಚ್ಚಿದೆ. ಎಕ್ಕಡವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಿಗೆ ಹೋಗಿ ಅದರ ಜೊತೆಗಾರನ ಪಕ್ಕ ನೀಟಾಗಿ ಜೋಡಿಸಿಟ್ಟೆ. ಕೈ ತೊಳೆದುಕೊಂಡು ಬಂದು ಹಾರ ಹಾಕಿದೆ. ಮಂಗಳಾರತಿ ಆದ ತಕ್ಷಣ ಮತ್ತೆ ಕಟ್ಟಿದರಾಯಿತು ಅಂದುಕೊಂಡೆ. ಅಂದುಕೊಂಡಿದ್ದು ಖಂಡಿತ ನೆನಪಿದೆ.

ಉಮಾಶಂಕರ್ ಆಗ ಅಂಗಳದಲ್ಲಿ ಮೀಟರ್ ಓದುತ್ತಿದ್ದ. ನಾನು ಬಿಚ್ಚಿದ್ದನ್ನು ನೋಡಲಿಲ್ಲ.

ಮಂಗಳಾರತಿಯಾಯಿತು. ಸಾಹೇಬರು ಕಣ್ಣು ಮುಚ್ಚಿಕೊಂಡೇ ಕೈಮುಗಿದರು. ಅವರ ಡ್ರೈವರ್ ಸೊಣ್ಣಪ್ಪ, "ಜೀಪಿಗೂ ಬೇಗ ಮಾಡ್ಬಿಡಿ ಭೀಮಣ್ಣ, ಇನ್ನೂ ಎರಡ್ ಸ್ಟೇಷನ್ ಇದಾವೆ," ಎಂದ. ನಾನು ತಟ್ಟೆ ಹಿಡಿದು ಹೊರಗೆ ಓಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಕೆಂಪು ಬಟ್ಟೆ, ಬೂದುಗುಂಬಳಕ್ಕೆ ಕರ್ಪೂರ, ಕಡಲೆಪುರಿ ಪೊಟ್ಟಣ. ನನ್ನ ತಲೆಯಲ್ಲಿ ಆ ಹೊತ್ತಿಗೆ ನಾಲ್ಕು ಕೆಲಸವಿದ್ದವು. ಐದನೆಯದು ಕೈಬಿಟ್ಟುಹೋಗಿತ್ತು.

ಒಳಗೆ ಫೋನು ಹೊಡೆದುಕೊಂಡಿತು. ಬೆಟ್ಟದ ಲೈನು ಯಾಕೆ ಬಂದಿಲ್ಲ ಎಂದು ಮೇಲಿನಿಂದ. ಸಾಹೇಬರು ಸಿಡುಕಿದರು. "ಹಬ್ಬದ ದಿನ ಜನ ಬಾಯಿಗೆ ಬಂದಂಗೆ ಬೈತಾರಪ್ಪಾ. ಕೆಲಸ ಮುಗಿದಿದ್ರೆ ಕೊಡಯ್ಯಾ ಸಪ್ಲೈ."

"ಒಂದ್ನಿಮಿಷ ಸಾರ್," ಎಂದ ಉಮಾಶಂಕರ್.

ಅವನು ಪ್ಯಾನೆಲ್ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲ ತನಕ ನಡೆದು ಬಂದ. ಬೂದುಗುಂಬಳ ಎತ್ತಿ ಹಿಡಿದಿದ್ದ ನಾನು ಅವನನ್ನು ನೋಡಿದೆ. ಬಾಗಿಲಲ್ಲಿ ನಿಂತು ತಲೆ ಬಗ್ಗಿಸಿ ಎಕ್ಕಡದ ಜೋಡಿಯನ್ನೇ ನೋಡುತ್ತಿದ್ದ. ಪಿಳ್ಳಣ್ಣ ಬಂದಿದ್ದಾನೆ, ಎಲ್ಲೋ ಕೈಕಾಲು ತೊಳೆಯುತ್ತಿದ್ದಾನೆ ಎಂದು ಒಂದೊಂದೇ ಕೂಡಿಸಿ ನೋಡುತ್ತಿದ್ದ. ಅವನ ತುಟಿ ಅಲ್ಲಾಡುತ್ತಿದ್ದುದೂ ಕಂಡಿತು. ಕಂಡರೂ ನನಗೆ ಹೊಳೆಯಲಿಲ್ಲ. ಅವನು ತಲೆಯಾಡಿಸಿಕೊಂಡು ಒಳಗೆ ಹೋದ. ನಾನು ಬೂದುಗುಂಬಳ ನೆಲಕ್ಕೆ ಅಪ್ಪಳಿಸಿದೆ.

ಕುಂಬಳಕಾಯಿ ಒಡೆದ ಸದ್ದಿನ ಹಿಂದೆಯೇ ಒಳಗಿನಿಂದ ಧಡ್ ಎಂಬ ಸದ್ದು ಬಂತು. ಎತ್ತಿದ ಹ್ಯಾಂಡಲ್ ತಾನಾಗಿಯೇ ಕೆಳಗೆ ಬಿದ್ದ ಸದ್ದು. ಲೈನಿಗೆ ಏನೋ ತಗುಲಿಕೊಂಡಿದೆ ಎಂದು ಆ ಸದ್ದಿನ ಅರ್ಥ. ಪಿಳ್ಳಣ್ಣ ಮೇಲಿದ್ದಾನೆ ಎಂದು ಆಗ ನನಗೆ ಹೊಳೆಯಿತು.

ಸಾಹೇಬರು ಹೊರಗೆ ಓಡಿ ಬಂದು ಜೀಪು ಹತ್ತಿದರು. ಜೀಪು ಬೆಟ್ಟದ ಕಡೆ ಹೊರಟಿತು. ಉಮಾಶಂಕರ್ ಕುಂಟುತ್ತ ಗೇಟಿನ ತನಕ ಓಡಿ ಅಲ್ಲಿ ಕಂಬಿ ಹಿಡಿದು ನಿಂತ. ನಾನು ಒಬ್ಬನೇ ಉಳಿದೆ. ಆ ಅರ್ಧ ನಿಮಿಷ ನನ್ನ ತಲೆ ಎಷ್ಟು ಚೆನ್ನಾಗಿ ಓಡಿತು ಅಂದರೆ, ಡಾಕ್ಟರ ಅಂಕಿಗಳಿಗೂ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಬಾಗಿಲಲ್ಲಿದ್ದ ಎಡಗಾಲಿನ ಎಕ್ಕಡ ಎತ್ತಿಕೊಂಡೆ, ಒಳಗೆ ಹೋದೆ, ದಾರ ಹಾಕಿ ಹ್ಯಾಂಡಲ್ಲಿಗೆ ಕಟ್ಟಿದೆ, ಹೊರಗೆ ಬಂದೆ.

ಉಮಾಶಂಕರ್ ಒಳಗೆ ಬಂದವನು ಅದನ್ನು ನೋಡಿದ. ಬಹಳ ಹೊತ್ತು ನೋಡಿದ.

"ಇದು... ಇಲ್ಲೇ ಇತ್ತಾ, ಭೀಮ?"

"ಇಲ್ಲೇ ಇತ್ತಲ್ಲೋ," ಎಂದೆ. "ಕಾಣ್ಲಿಲ್ವಾ ನಿನಗೆ?"

ಅವನು ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತ. ಹನ್ನೆರಡೂವರೆಗೆ ಜೀಪು ವಾಪಸು ಬಂತು. ಪಿಳ್ಳಣ್ಣನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಅವನ ಮೇಲೆ ಹೊದಿಸಲು ಏನೂ ಸಿಗದೆ, ನಾನು ಪೂಜೆಗೆಂದು ಬಾನೆಟ್ಟಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನೇ ಬಿಚ್ಚಿ ಮುಖಕ್ಕೆ ಹಾಕಿದ್ದರು. ಬರಿಗಾಲು ಎರಡೂ ಹೊರಗೆ ಚಾಚಿದ್ದವು.

ಅವನ ಹೆಂಡತಿ ಮಾರಕ್ಕ ಮಧ್ಯಾಹ್ನ ಬಂದಳು. ಅಳಲಿಲ್ಲ. ನೆಟ್ಟಗೆ ಕೋಣೆಯೊಳಗೆ ಬಂದು ಹ್ಯಾಂಡಲ್ಲಿನಲ್ಲಿ ತೂಗುತ್ತಿದ್ದ ಎಕ್ಕಡ ನೋಡಿ, ಉಮಾಶಂಕರನ ಮುಂದೆ ನಿಂತಳು. "ಇಷ್ಟ್ ದೊಡ್ಡದಾಗಿ ನೇತಾಕಿದ್ನಲ್ಲಣ್ಣ. ಕುರುಡನಿಗೂ ಕಾಣ್ತಿತ್ತಲ್ಲ. ನಿನ್ನ ನಂಬಿ ಹತ್ತಿದ್ನಲ್ಲ," ಎಂದಳು. ಉಮಾಶಂಕರ್ ಅವಳ ಕಾಲು ಹಿಡಿದುಕೊಂಡ. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

ವಿಚಾರಣೆ ಹದಿನೈದು ದಿನ ನಡೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೆ ನಾನು ಯಾರು ಏನು ಕೇಳಿದರೂ ಕೇಳದೇ ಇದ್ದದ್ದಕ್ಕೂ ಉತ್ತರ ಕೊಡುತ್ತಿದ್ದೆ. ಎಕ್ಕಡ ಬೆಳಗಿನಿಂದ ಅಲ್ಲೇ ಇತ್ತು ಎಂದೆ. ಸಾಹೇಬರೂ ಹೌದು ಎಂದರು. ಸಪ್ಲೈ ಕೊಡು ಎಂದು ತಾವು ಹೇಳಿದ್ದು ಮುಚ್ಚಿಹೋಗುವುದಾದರೆ ಅವರಿಗೆ ಯಾವ ಎಕ್ಕಡ ಎಲ್ಲಿದ್ದರೇನು? ಉಮಾಶಂಕರನಿಗೆ ಏನಾದರೂ ಕಾಯಿಲೆಯಿದೆಯೇ ಎಂದು ಕೇಳಿದಾಗ, ಬೆಂಗಳೂರಿನ ಸ್ಕ್ಯಾನಿನ ವಿಷಯ ಹೇಳಿದವನೂ ನಾನೇ. ಆ ಫಿಲಂ ಸಿಕ್ಕಿದ ಮೇಲೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮೆದುಳಿನ ರೋಗದಿಂದ ಗ್ರಹಿಕೆ ಕುಂದಿದ ಆಪರೇಟರನ ಲೋಪ ಎಂದು ಬರೆದರು.

ಉಮಾಶಂಕರ್ ಕೊಟ್ಟ ಹೇಳಿಕೆಯೂ ಆ ಕಡತದಲ್ಲಿದೆ. ಅವನು ಹೇಳಿದ್ದು ಇಷ್ಟೇ: "ಜೋಡಿ ಬಾಗಿಲಲ್ಲಿತ್ತು ಎಂದು ನನ್ನ ನೆನಪು. ನನ್ನ ನೆನಪನ್ನು ನಂಬಬೇಡಿ."

ಒಂದು ತಿಂಗಳಾದ ಮೇಲೆ ಅವನನ್ನು ನೋಡಲು ಮನೆಗೆ ಹೋದೆ. ಸಸ್ಪೆಂಡ್ ಆಗಿದ್ದ. ಕಾಲು ಪೂರ್ತಿ ಬಿದ್ದುಹೋಗಿತ್ತು. ಮಂಚದ ಮೇಲೆ ಒರಗಿಕೊಂಡು ಏನೋ ಹೇಳಲು ಬಾಯಿ ತೆರೆದ. ನಾನು ಎಂದಿನಂತೆ ಮುಗಿಸಹೋದೆ. ಅವನು ಕೈಯೆತ್ತಿ ತಡೆದ.

"ತಾಳು. ಹೇಳ್ತೀನಿ. ಒಂದ್ ತಿಂಗ್ಳಿಂದ ಕೂಡಿಸ್ತಾ ಇದೀನಿ." ಉಸಿರು ಎಳೆದುಕೊಂಡ. "ಎಕ್ಕಡ... ಹಾರದ ಮೇಲಿತ್ತು ಕಣೋ. ಹಾರ ಕೆಳಗೆ, ಎಕ್ಕಡ ಮೇಲೆ. ಬೆಳಗಿನಿಂದ ಅದು ಅಲ್ಲೇ ಇದ್ದಿದ್ರೆ ನೀನು ಹಾಕಿದ ಹಾರ ಅದರ ಮೇಲಿರ್ಬೇಕಿತ್ತಲ್ವಾ? ಅಲ್ದೆ... ಎಕ್ಕಡಕ್ಕೆ ಯಾರಾದ್ರೂ ಹಾರ ಹಾಕ್ತಾರೇನೋ?"

ಸಾಹೇಬರು, ವಿಚಾರಣೆಗೆ ಬಂದ ಎಂಜಿನಿಯರು, ಪೊಲೀಸಿನವರು, ಇಷ್ಟು ಜನರ ನೆಟ್ಟಗಿದ್ದ ತಲೆಗಳಿಗೆ ಹೊಳೆಯದೇ ಇದ್ದದ್ದನ್ನು ಅವನ ಚುಕ್ಕೆ ಬಿದ್ದ ಮೆದುಳು ಯಾವ ಯಾವ ಸುತ್ತುದಾರಿಯಲ್ಲಿ ನಡೆದು ಹುಡುಕಿತ್ತೋ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೂ ಕೆಲಸವಿತ್ತು, ಮಕ್ಕಳಿದ್ದರು, ಹೆದರಿಕೆಯಿತ್ತು.

"ಹಾರ ಮೇಲೇ ಇತ್ತು ಶಂಕರ," ಎಂದೆ. "ನಾನೇ ಹಾಕಿದ್ದಲ್ವಾ? ಎಕ್ಕಡ ಬಿಚ್ಚಬಾರ್ದು ಅಂತ ಅದರ ಮೇಲೇ ಹಾಕ್ದೆ. ಇಲ್ಲದ್ದೆಲ್ಲ ಕಲ್ಪಿಸ್ಕೋಬೇಡ. ಡಾಕ್ಟ್ರು ಹೇಳಿರ್ಲಿಲ್ವಾ?"

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. "ಹಂಗಾದ್ರೆ ಅದೂ ತಪ್ಪು ನೆನಪು," ಎಂದು ಮೆಲ್ಲಗೆ ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಒಲೆಯ ಹತ್ತಿರ ಕೂತಿದ್ದ ಶಾಮಲಾ ಎಲ್ಲವನ್ನೂ ಕೇಳಿಸಿಕೊಂಡಳು.

ಕೆಲಸದಿಂದ ತೆಗೆದ ಮೇಲೆ ಅವರು ಊರು ಬಿಟ್ಟು ಹೊಸಕೋಟೆ ಆಚೆ ಜಡಿಗೇನಹಳ್ಳಿಯಲ್ಲಿ ಶಾಮಲಾಳ ತಮ್ಮನ ಮನೆಯ ಪಕ್ಕ ಹೋಗಿ ನೆಲೆಸಿದರು. ಐದು ವರ್ಷ ನಾನು ಆ ದಿಕ್ಕಿಗೆ ತಲೆ ಹಾಕಲಿಲ್ಲ. ಪ್ರತಿ ಆಯುಧಪೂಜೆಗೂ ರಜೆ ಹಾಕಿದೆ. ಕಳೆದ ವರ್ಷ ಅವ್ವ ಸತ್ತಳು. ಸಾಯುವ ಮುಂಚೆ ಒಂದು ವಾರ ಅವಳಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಉಮಾಶಂಕರನಿಗೂ ಹಾಗೆ ನನ್ನ ಮಾತು ತಿಳಿಯದ ದಿನ ಬಂದರೆ ಯಾರಿಗೆ ಹೇಳುವುದು ಎಂಬ ಭಯ ಆಗ ಹತ್ತಿತು. ಎರಡು ಸಾವಿರನೇ ಇಸವಿಯ ಮಾಘದಲ್ಲಿ ಒಂದು ಭಾನುವಾರ ಬಸ್ಸು ಹತ್ತಿದೆ.

ಉಮಾಶಂಕರ್ ಹಿತ್ತಿಲ ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಕೂದಲು ಪೂರ್ತಿ ನರೆತಿತ್ತು. ನನ್ನ ಗುರುತು ಹಿಡಿಯಲು ಹೊತ್ತು ಬೇಕಾಯಿತು. ಜೀವನದಲ್ಲಿ ಮೊದಲ ಸಲ ನಾನು ಕಾದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹಾರ, ದಾರ, ಬಾಗಿಲಲ್ಲಿ ಜೋಡಿಸಿಟ್ಟಿದ್ದು, ಮತ್ತೆ ಕಟ್ಟಿದ್ದು. ಒಂದೊಂದೇ ಹೇಳಿದೆ, ಒಂದು ಅರ್ಥವಾಗುವ ತನಕ ಇನ್ನೊಂದಕ್ಕೆ ಹೋಗಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವನು ನಿಧಾನಕ್ಕೆ ಕೈ ಚಾಚಿ ನನ್ನ ಕೈ ಹಿಡಿದ.

"ನೀನು... ಒಳ್ಳೇವ್ನು ಕಣೋ ಭೀಮ. ನನ್ ಸಮಾಧಾನಕ್ಕೆ... ಇಷ್ಟ್ ದೂರ ಬಂದು... ಸುಳ್ ಹೇಳ್ತಿದೀಯ."

"ಸುಳ್ಳಲ್ಲ ಶಂಕರ, ಅವ್ವನಾಣೆ."

"ಬುಡು. ಪಿಳ್ಳಣ್ಣನ್ನ... ನಾನೇ ಕೊಂದಿದ್ದು. ನಂಗೊತ್ತು."

ಕಾಫಿ ಲೋಟ ಹಿಡಿದು ಬಂದ ಶಾಮಲಾ ನನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಲೋಟವನ್ನು ಕಲ್ಲಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನು ಬಾಗಿಲ ಕಡೆಗೆ ಕರೆದಳು. ಅವಳ ದನಿ ಏರಲಿಲ್ಲ.

"ದಿನಾ ಬೆಳಗಾದ್ರೆ ಕೇಳೋರು, ಶಾಮಲಾ, ಜೋಡಿ ಬಾಗ್ಲಲ್ಲೇ ಇತ್ತಲ್ವಾ ಅಂತ. ಇಲ್ಲಾರೀ, ಹ್ಯಾಂಡಲ್ ಮೇಲಿತ್ತು, ಭೀಮಣ್ಣನೇ ನೋಡಿದಾರೆ ಅಂತ ನಾನೇ ಹೇಳ್ತಿದ್ದೆ. ತಪ್ಪು ನೆನಪು ಬಂದ್ರೆ ತಿದ್ದಿ ಅಂತ ಡಾಕ್ಟ್ರಮ್ಮ ಹೇಳಿದ್ರಲ್ಲ. ನಾಲ್ಕು ವರ್ಷ ತಿದ್ದಿದೀನಿ ಭೀಮಣ್ಣ. ಹೋದ ವರ್ಷದಿಂದ ಕೇಳೋದು ಬಿಟ್ಟಿದಾರೆ." ಅವಳು ಗಂಡನ ಕಡೆ ನೋಡಿದಳು. "ಈಗ ಹೋಗಿ, ಕೂತ್ಕೊಳಿ, ಇನ್ನೊಂದ್ಸಲ ಹೇಳಿ. ಅವರು ನಂಬೋ ತನಕ ಹೇಳಿ."

ತಿಂಗಳಿಗೆ ಎರಡು ಭಾನುವಾರ ಜಡಿಗೇನಹಳ್ಳಿಗೆ ಹೋಗುತ್ತಿದ್ದೇನೆ. ಆಫೀಸಿಗೆ ಎಲ್ಲವನ್ನೂ ಬರೆದು ಕೊಟ್ಟೆ, ಮುಗಿದ ಕಡತ ಎಂದು ವಾಪಸು ಕಳಿಸಿದರು. ಮಾರಕ್ಕನ ಮನೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಶಾಮಲಾ ನನಗೊಂದು ಮಣೆ ಹಾಕಿ, ತಾನೂ ಪಕ್ಕದಲ್ಲಿ ಕೂರುತ್ತಾಳೆ. ನಾನು ಮೊದಲಿನಿಂದ ಹೇಳುತ್ತೇನೆ. ಹೇಳಿ ಮುಗಿಸಿ ಕಾಯುತ್ತೇನೆ. ಉಮಾಶಂಕರ್ ಪೂರ್ತಿ ಕೇಳಿಸಿಕೊಂಡು, ನನ್ನ ಕೈ ಹಿಡಿದು, ನೀನು ಒಳ್ಳೆಯವನು ಎನ್ನುತ್ತಾನೆ.